ಅಕ್ಕಾರು ಮಾರದ ಸೈಕಲ್

ನಿಮ್ಮ ಸೈಕಲ್ ಅಜ್ಜಿಯಷ್ಟು ಕೆಟ್ಟ ವ್ಯಾಪಾರಿ ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರಿಲ್ಲ! ಒಂದೇ ಸೈಕಲ್ಲನ್ನು ಹತ್ತು ತಿಂಗಳು ಸಂತೆಗೆ ಒಯ್ದರು. ಹತ್ತು ತಿಂಗಳೂ ಅದು ಮನೆಗೇ ವಾಪಸು ಬಂತು. ಗಿರಾಕಿಗಳು ಇರಲಿಲ್ಲವೇ? ಇದ್ದರು ಮಕ್ಕಳೇ, ಕೈಯಲ್ಲಿ ನೋಟು ಹಿಡಿದುಕೊಂಡೇ ನಿಂತಿದ್ದರು. ನೋಟು ಇದ್ದರೆ ಆಯಿತೇ? ಅಜ್ಜಿಯ ಪರೀಕ್ಷೆಯಲ್ಲಿ ಪಾಸಾಗಬೇಕಲ್ಲ!

"ಇದನ್ನೆಲ್ಲ ಬರೀಬ್ಯಾಡಬೇ ಯವ್ವಾ, ಅಪಾರ್ಟ್‌ಮೆಂಟಿನವರು ಓದಿದರ ಏನ್ ತಿಳಕೊಂಡಾರು?" ಎಂದು ನಿಮ್ಮಪ್ಪ ಹೇಳಿದ್ದಾನೆ. ಅಪಾರ್ಟ್‌ಮೆಂಟಿನವರಿಗೆ ಕನ್ನಡ ಬಾರದು. ಬಂದರೂ ನಾನು ಬರೆಯುವವಳೇ. ಅರವತ್ತು ವರ್ಷ ಮಂದಿ ಏನಂದಾರು ಎಂದು ಬಾಯಿ ಮುಚ್ಚಿಕೊಂಡಿದ್ದು ಸಾಕು. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದಕ್ಕೂ, ನಿಮ್ಮನ್ನು ಹಿಡಿದು ಕೂರಿಸಿ ಅಕ್ಷರ ತಿದ್ದಿಸಿದ್ದಕ್ಕೂ ಏನಾದರೂ ಉಪಯೋಗ ಬೇಡವೇ? ಯಾರ ಹೆಸರನ್ನೂ ಮಾತ್ರ ಬರೆಯುವುದಿಲ್ಲ. ಹೆಸರು ಬರೆದರೆ ಫೋಟೋ ಯಾಕಿಲ್ಲ ಎಂದು ಅವರೇ ಜಗಳಕ್ಕೆ ಬರುತ್ತಾರೆ!

ನೀವು ಸೈಕಲ್ ಅಜ್ಜಿ ಎನ್ನುವವರನ್ನು ನಾನು ಅಕ್ಕಾರು ಎನ್ನುತ್ತೇನೆ. ನಿಮ್ಮಜ್ಜನ ಸ್ವಂತ ಅಕ್ಕ, ನನಗೆ ದೊಡ್ಡ ನಾದಿನಿ. ಕಲಬುರಗಿ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದರು. ಔಷಧದ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಊರಿಂದೂರಿಗೆ ಸೈಕಲ್ ಮೇಲೆ ಹೋಗಿ ಹೆರಿಗೆ ಮಾಡಿಸಿದವರು. ನೌಕರಿ ಮುಗಿದ ಮೇಲೆ ಲಿಂಗಂಪಲ್ಲಿಗೆ ನಮ್ಮ ಮನೆಗೆ ಬಂದರು. ಬರುವಾಗ ಎರಡು ಸೀರೆ ಬಿಟ್ಟು ಬಂದರು, ಸೈಕಲ್ ಬಿಡಲಿಲ್ಲ.

ಎಪ್ಪತ್ತು ದಾಟಿದ ಮೇಲೂ ದಿನಾ ಕಾಯಿಪಲ್ಲೆ ತರಲು ಸೈಕಲ್ಲೇ ಬೇಕು. ಹೈದರಾಬಾದಿನ ಟ್ರಾಫಿಕ್ಕಿಗೆ ಎಲ್ಲರೂ ಹೆದರಿದರೆ, ಟ್ರಾಫಿಕ್ಕು ಇವರಿಗೆ ಹೆದರುತ್ತದೆ. ಒಮ್ಮೆ ಆಟೋದವನೊಬ್ಬ ಹಿಂದಿನಿಂದ ಹಾರ್ನ್ ಹೊಡೆದೂ ಹೊಡೆದೂ, "ಪಕ್ಕಕಿ ಜರಗಮ್ಮಾ!" ಎಂದು ತೆಲುಗಿನಲ್ಲಿ ಕೂಗಿದ, ಪಕ್ಕಕ್ಕೆ ಸರಿಯಮ್ಮಾ ಎಂದು. ಅಕ್ಕಾರು ನಡುರಸ್ತೆಯಲ್ಲಿ ಸೈಕಲ್ ನಿಲ್ಲಿಸಿ, ಇಳಿದು, ಸ್ಟ್ಯಾಂಡ್ ಹಾಕಿ, ಅವನ ಹತ್ತಿರ ಹೋಗಿ ಅಪ್ಪಟ ಕನ್ನಡದಲ್ಲಿ ಕೇಳಿದರು: "ಏನಪಾ, ಹೊಟ್ಟಿ ಬ್ಯಾನಿ ಆಗಾಕತ್ತೈತೇನು? ಇಷ್ಟ್ಯಾಕ ಒದರಾಕತ್ತಿ?" ಅವನಿಗೆ ಭಾಷೆ ತಿಳಿಯಲಿಲ್ಲ. ಆದರೆ ನರ್ಸಿನ ದನಿ ಯಾರಿಗೆ ತಿಳಿಯುವುದಿಲ್ಲ? ಆಟೋ ಹಿಂದಕ್ಕೆ ಸರಿಸಿದ!

ಇನ್ನು ಸಂತೆಗೆ ಒಯ್ದ ಆ ಸೈಕಲ್ಲಿನ ಕಥೆ. ಅದು ಅಕ್ಕಾರ ಸೈಕಲ್ಲಲ್ಲ, ನಿಮ್ಮಜ್ಜನದು. ಸಿಕಂದರಾಬಾದಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಅವರು ದಿನಾ ಮನೆಯಿಂದ ಸ್ಟೇಷನ್ನಿನವರೆಗೆ ಅದರ ಮೇಲೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿಯುತ್ತಿದ್ದರು. ಹಸಿರು ಬಣ್ಣ, ಮುಂದೆ ತಂತಿಯ ಬುಟ್ಟಿ, ನಡುವೆ ಅಡ್ಡ ಕೊಳವೆ ಇಲ್ಲ. ಹೌದು, ಹೆಂಗಸರ ಸೈಕಲ್! ಮೀಸೆ ಹೊತ್ತ ಗಂಡಸು ಹೆಂಗಸರ ಸೈಕಲ್ಲಿನ ಮೇಲೆ ಹೋಗುವುದನ್ನು ಕಂಡು ಓಣಿಯ ಮಂದಿ ನಗುತ್ತಿದ್ದರು. ಯಾಕೆ ಇಂಥದ್ದು ತಂದಿರಿ ಎಂದು ಒಮ್ಮೆ ಕೇಳಿದ್ದೆ. "ಸೋವಿ ಸಿಕ್ತು" ಎಂದಿದ್ದರು. ನಾನೂ ನಂಬಿದ್ದೆ.

ಕೆಲವು ಭಾನುವಾರ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ನಮ್ಮ ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿ, ಅದರ ಮುಂದೊಂದು ಕಟ್ಟೆ, ಕಟ್ಟೆಯ ತುಂಬ ಮಂದಿ. ಆ ಮೂಲೆ ಬರುವ ಮೊದಲೇ ನಾನು ಜಿಗಿದು ಇಳಿದುಬಿಡುತ್ತಿದ್ದೆ. ಅವರು ಸೈಕಲ್ ತಳ್ಳಿಕೊಂಡು ಮುಂದೆ, ನಾನು ಸೆರಗು ಹೊದ್ದು ಹತ್ತು ಹೆಜ್ಜೆ ಹಿಂದೆ. ಒಂದು ದಿನವೂ ಆ ಮೂಲೆಯನ್ನು ನಾನು ಕೂತುಕೊಂಡು ದಾಟಲಿಲ್ಲ. ನಾಚಿಕೆಗೆ ಒಂದು ಮಿತಿ ಬೇಡವೇ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ಅವರು ತೀರಿಹೋದ ಮೇಲೆ ಸೈಕಲ್ ಎರಡು ವರ್ಷ ಕೆಳಗೆ ಪಾರ್ಕಿಂಗಿನಲ್ಲಿ ನಿಂತೇ ಇತ್ತು. ಆಗ ಬಂತು ನೋಡಿ ಅಪಾರ್ಟ್‌ಮೆಂಟಿನ ಸೆಕ್ರೆಟರಿಯವರ ನೋಟಿಸು! ಓಡದ ಗಾಡಿಗಳನ್ನೆಲ್ಲ ಗುಜರಿಗೆ ಹಾಕಲಾಗುವುದು. ಮಾರಾಟಕ್ಕಿಟ್ಟ ಗಾಡಿಗಳಿಗೆ ಮಾತ್ರ ಮಾರಾಟವಾಗುವ ತನಕ ಜಾಗ. ನಿಮ್ಮಪ್ಪ ಬಂದು, "ಯವ್ವಾ, ಕೊಟ್ಟು ಬಿಡೂನು? ಯಾರೂ ಓಡಸಂಗಿಲ್ಲಲ್ಲ" ಎಂದು ಮೆತ್ತಗೆ ಕೇಳಿದ.

"ನಿಮಗ ಹ್ಯಾಂಗ ಅನಸ್ತೈತಿ ಹಂಗ ಮಾಡ್ರಿ" ಎಂದೆ.

ಹೇಳಿ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕೊಡಬೇಡ ಎನ್ನಲು ಎರಡು ಮಾತು ಸಾಕಿತ್ತು. ಅಕ್ಕಾರು ಬಾಗಿಲಲ್ಲಿ ನಿಂತು ನನ್ನನ್ನೂ ಪಾತ್ರೆಗಳನ್ನೂ ನೋಡಿದರು. ಕೆಳಗಿಳಿದು ಹೋಗಿ ಸೆಕ್ರೆಟರಿಯವರ ನೋಟಿಸನ್ನು ಇನ್ನೊಮ್ಮೆ ಓದಿಸಿಕೊಂಡು ಬಂದು, "ಮಾರೂಣಂತ! ಯಾರ್ ಬ್ಯಾಡಂದ್ರು?" ಎಂದರು.

ನಮ್ಮಲ್ಲಿ ಸ್ಟೇಷನ್ನಿನ ಹಿಂದೆ ಒಂದು ಶಾಲೆಯ ಮೈದಾನದಲ್ಲಿ ತಿಂಗಳಿಗೊಂದು ಭಾನುವಾರ ಸೈಕಲ್ ಸಂತೆ ಸೇರುತ್ತದೆ. ಹಳೆಯ ಸೈಕಲ್ ತರುವವರು ತರುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ, ಕೆಲವರು ತಮ್ಮದು ಕೊಟ್ಟು ಇನ್ನೊಬ್ಬರದನ್ನು ಒಯ್ಯುತ್ತಾರೆ. ನಡೆಸುವವರು ಯಾರೂ ಸಂಬಳದವರಲ್ಲ, ಸುತ್ತಲಿನ ಉತ್ಸಾಹಿಗಳು. ಅವರಿಗೆಲ್ಲ ಹಿರಿಯರು ಒಬ್ಬ ತೆಲುಗು ಮೇಡಂ, ಕಾಲೇಜಿನಲ್ಲಿ ಪಾಠ ಹೇಳುವವರು. ಅಲ್ಲಿ ಮೂರು ಕಟ್ಟಳೆ. ಒಂದು, ಮಾರುವವರು ಬಾಡಿಗೆ ಕೊಡಬೇಕಿಲ್ಲ, ಒಂದು ತಾಸು ದುಡಿಯಬೇಕು. ಎರಡು, ಹ್ಯಾಂಡಲ್ಲಿಗೆ ಚೀಟಿ ಕಟ್ಟಿ, ಬೆಲೆ ಎಷ್ಟು, ಗಾಡಿಯಲ್ಲಿ ಕೊರತೆ ಏನು ಎಂದು ನಿಜ ಬರೆಯಬೇಕು. ಮೂರು, ಓಡಿಸುವವರಿಗೇ ಮೊದಲ ಹಕ್ಕು. ಓಡಿಸುವವರು ಇಬ್ಬರಾದರೆ ಮಾರುವವರ ಇಷ್ಟ.

ಒಂದು ತಾಸಿನ ದುಡಿಮೆಗೆ ನಾನು ಚಹಾದ ಮೇಜು ಕೇಳಿಕೊಂಡೆ. ಯಾಕೆಂದರೆ ಅದು ಸೈಕಲ್ಲುಗಳಿಂದ ಎಲ್ಲಕ್ಕಿಂತ ದೂರ. ದೊಡ್ಡ ಕೆಟಲಿಯ ಹಿಂದೆ ನಿಂತರೆ ನನ್ನಂಥವಳು ಅರ್ಧ ಮರೆಯಾಗುತ್ತಾಳೆ. ನಮ್ಮ ಸೈಕಲ್ ಮಾರಾಟವಾಗುವುದನ್ನು ಕಣ್ಣಿಂದ ನೋಡಬೇಕಿಲ್ಲ!

ಅಕ್ಕಾರು ಚೀಟಿಯಲ್ಲಿ ಬೆಲೆಯನ್ನು ಅಂಕಿಯಲ್ಲಿ ಬರೆದು, ಕೊರತೆಯ ಜಾಗದಲ್ಲಿ ಕನ್ನಡದಲ್ಲಿ ಎರಡು ಸಾಲು ಗೀಚಿ ಕಟ್ಟಿದರು. ಮೇಡಂ ಕನ್ನಡಕ ಏರಿಸಿ, ಇಳಿಸಿ, "ಏಮಿ ರಾಶಾರು ಅಮ್ಮಾ?" ಎಂದು ಕೇಳಿದರು, ಏನು ಬರೆದಿದ್ದೀರಿ ಎಂದು.

"ರೋಗದ ವಿವರ. ಓದಬೇಕಾದವರು ಓದ್ತಾರ ಬಿಡ್ರಿ."

ಹೀಗೆ ಶುರುವಾಯಿತು ವ್ಯಾಪಾರ. ಮೊದಲ ತಿಂಗಳೇ ಒಬ್ಬ ದೊಡ್ಡ ಹೋಟೆಲಿನ ಮಾಲೀಕರು ಬಂದರು. ಹಸಿರು ಸೈಕಲ್ ನೋಡಿ ಕುಣಿದಾಡಿದರು. ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದರು. ಅವರೂ ಬೀದರ್ ಕಡೆಯವರು, ಕನ್ನಡ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಎಲ್ಲಿ ಓಡಸ್ತೀರಿ?" ಅಕ್ಕಾರ ಮೊದಲ ಪ್ರಶ್ನೆ.

"ಓಡಸೂದಿಲ್ರಿ ಅಮ್ಮಾ. ಹೋಟೆಲ್ ಗ್ವಾಡಿಗೆ ತೂಗ ಹಾಕ್ತೀವಿ. ಹಳೇ ಕಾಲದ ಶೋಭಾ!"

"ನಿಮ್ಮ ಮನ್ಯಾಗ ಹಿರ್‍ಯಾರು ಅದಾರೇನು?"

"ನಮ್ಮಜ್ಜಿ ಅದಾಳ್ರಿ."

"ಆಕೀನೂ ಹಳೇ ಕಾಲದಾಕಿ ಅಲ್ಲೇನು? ಮೊದಲ ಆಕೀನ್ನ ತೂಗ ಹಾಕ್ರಿ. ಹ್ಯಾಂಗ ಕಾಣಸ್ತೈತಿ ನೋಡಿ, ಆಮ್ಯಾಲ ಸೈಕಲ್ಲಿಗೆ ಬರ್ರಿ!"

ಮಾಲೀಕರು ಚಹಾ ಕೂಡ ಕುಡಿಯದೆ ಹೋದರು.

ಇನ್ನೊಂದು ತಿಂಗಳು ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟರು ಬಂದರು. ಹೊಟ್ಟೆ ಕರಗಿಸಬೇಕಂತೆ. ಅಕ್ಕಾರು ಅವರನ್ನು ಸೈಕಲ್ ಹತ್ತಿಸಲೇ ಇಲ್ಲ. ನಿಲ್ಲಿಸಿ, ಬಗ್ಗಿಸಿ, ನಾಲಿಗೆ ಹೊರಗೆ ಚಾಚಿಸಿ, ಮಂಡಿ ಒತ್ತಿ ನೋಡಿ, ಎಷ್ಟು ಚಮಚ ಸಕ್ಕರೆ, ಎಷ್ಟು ಸಲ ಬಿರಿಯಾನಿ ಎಂದು ಎಲ್ಲ ವಿಚಾರಿಸಿದರು. ಕೊನೆಗೆ, "ನಿಮ್ಮ ಮಂಡಿಗೆ ಇದು ಆಗಂಗಿಲ್ಲ. ಅಕಾ ಅಲ್ಲಿ ಕೆಂಪಂದು ಐತಲ್ಲ, ಸೀಟು ಎತ್ತರ, ಗೇರು ಹಗೂರ, ಅದನ್ನ ಒಯ್ರಿ" ಎಂದು ಬೇರೊಬ್ಬರ ಸೈಕಲ್ಲನ್ನು ಗಂಟು ಹಾಕಿ ಕಳಿಸಿದರು. ಮೇಷ್ಟರು ಕೈಮುಗಿದು ಹೋದರು!

ಇದೇ ತಮಾಷೆ ಮಕ್ಕಳೇ. ಬೇರೆಯವರ ಸೈಕಲ್ಲುಗಳನ್ನು ಅಕ್ಕಾರು ಕಡಲೆ ಮಾರಿದಂತೆ ಮಾರುತ್ತಿದ್ದರು. ತಮ್ಮದು ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ಮೇಡಂ ಒಮ್ಮೆ ತಾಳ್ಮೆಗೆಟ್ಟು, "ಅಮ್ಮಾ, ಇದು ಸೈಕಲ್ ಮಾರಾಟವೋ ಮದುವೆ ಸಂಬಂಧವೋ?" ಎಂದು ತೆಲುಗಿನಲ್ಲಿ ಕೇಳಿದರು.

"ಹೆಣ್ಣು ಕೊಡೂಮುಂದ ನಾವು ಇಷ್ಟು ಕೇಳಂಗಿಲ್ಲವಾ" ಎಂದರು ಅಕ್ಕಾರು. "ತಪ್ಪಾಗೂದ ಅಲ್ಲೆ!"

ಮೇಡಮ್ಮಿಗೆ ಯಾರೋ ತೆಲುಗು ಮಾಡಿ ಹೇಳಿದರು. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ವಿಷಯ ಎತ್ತಲಿಲ್ಲ.

ಪರೀಕ್ಷೆಯಲ್ಲಿ ಪಾಸಾದವನು ಒಬ್ಬನೇ ಒಬ್ಬ. ಯಾದಗಿರಿ ಕಡೆಯ ಗೌಂಡಿ. ಶಂಶಾಬಾದ್ ಕಡೆ ಎದ್ದ ಕಟ್ಟಡಗಳನ್ನು ಮುಗಿಸಿ ನಮ್ಮ ಕಡೆ ಕೆಲಸಕ್ಕೆ ಬಂದಿದ್ದ. ದಿನಾ ಎಷ್ಟು ದೂರ? ಗಾಳಿ ಯಾರು ಹೊಡೆಯುತ್ತಾರೆ? ಮಳೆ ಬಂದರೆ ಎಲ್ಲಿ ನಿಲ್ಲಿಸುತ್ತೀ? ಎಲ್ಲಕ್ಕೂ ಸರಿಯುತ್ತರ ಕೊಟ್ಟ. "ಹಿಂದ ಹೇಂತೀನ್ನ ಕೂಡಸ್ಕೋತೀನ್ರಿ, ಆಕೀದೂ ಅಲ್ಲೇ ಕೆಲಸ" ಎಂದ. ಅಕ್ಕಾರು ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಕೆಟಲಿಯ ಹಿಂದೆ ನಾನು ಲೋಟ ಜೋಡಿಸುವುದನ್ನು ನಿಲ್ಲಿಸಿದೆ. ಹೋಯಿತು ಸೈಕಲ್, ಎಂದುಕೊಂಡೆ. ಒಳ್ಳೆಯವನ ಕೈಗೇ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಅವನು ಬಗ್ಗಿ ಹ್ಯಾಂಡಲ್ಲಿನ ಚೀಟಿ ಓದಿದ. ತಲೆಯೆತ್ತಿ ಅಕ್ಕಾರನ್ನು ನೋಡಿದ. ತಿರುಗಿ ದೂರದಿಂದ ನನ್ನನ್ನು ನೋಡಿದ. ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಇದು ನಮಗ ಬ್ಯಾಡ ಬಿಡ್ರಿ ಅಮ್ಮಾರ" ಎಂದು ಬೇರೆ ಸೈಕಲ್ ಕೊಂಡ. ಆಮೇಲೆ ಚಹಾ ಕುಡಿಯಲು ಬಂದಾಗ ನನಗೆ ಹೇಳಿದ: "ಚಾ ಭಾಳ ಚಲೋ ಮಾಡೀರಿ ಅವ್ವಾರ. ಆದ್ರ ಕೆಟಲಿ ಹಿಂದ ಇಷ್ಟು ಹೊತ್ತು ನಿಂದರಬಾರದ್ರಿ."

ಕೆಟಲಿಯ ಬಿಸಿ ತಾಗೀತು ಎನ್ನುತ್ತಿದ್ದಾನೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ! ಅಷ್ಟು ಜಾಣೆ ನಿಮ್ಮಜ್ಜಿ.

ಇತ್ತ ಪಾರ್ಕಿಂಗಿನಲ್ಲಿ ಸೈಕಲ್ಲಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡು ನೇತಾಡುತ್ತಿತ್ತು. ಸೆಕ್ರೆಟರಿಯವರು ಹೋಗುವಾಗ ಬರುವಾಗ, "ಇಂಕಾ ಅಮ್ಮಲೇದಾ ಅಮ್ಮಾ?" ಎಂದು ಕೇಳುವರು, ಇನ್ನೂ ಮಾರಲಿಲ್ಲವೇ ಎಂದು. ಅಕ್ಕಾರು ನಿಟ್ಟುಸಿರು ಬಿಟ್ಟು, "ಏನ್ ಮಾಡೂದ್ರಿ, ಗಿರಾಕಿ ಸಿಗವಲ್ರು" ಎನ್ನುವರು. ಅಷ್ಟು ದುಃಖದ ಮುಖ ಅವರು ಯಾರ ಸಾವಿನಲ್ಲೂ ಮಾಡಿದ್ದಿಲ್ಲ.

ಸೆಕ್ರೆಟರಿಯವರೇನು ಹಾಲು ಕುಡಿಯುವ ಕೂಸೇ? ಹತ್ತನೆಯ ತಿಂಗಳು ಸಂತೆಗೆ ತಾವೇ ಬಂದುಬಿಟ್ಟರು! ಚೀಟಿಯ ಬೆಲೆಯಷ್ಟು ನೋಟುಗಳನ್ನು ಮೇಡಂ ಮುಂದೆ ಹಿಡಿದು, "ನೇನು ಕೊಂಟಾನು" ಎಂದರು. ನಾನು ಕೊಳ್ಳುತ್ತೇನೆ! ಕೊಂಡು ಎಲ್ಲಿಗೆ ಒಯ್ಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗುಜರಿಯವನ ಕೈಗಾಡಿ ಗೇಟಿನ ಹೊರಗೆ ನಿಂತಿತ್ತು.

"ಓಡಸೂ ಮಂದಿಗೆ ಮೊದಲ ಹಕ್ಕು" ಎಂದು ಅಕ್ಕಾರು ಸೆರಗು ಸಿಕ್ಕಿಸಿಕೊಂಡರು. "ಓಡಸ್ತೀರೇನು? ಒಂದು ಸುತ್ತು ಹೊಡದು ತೋರಸ್ರಿ."

ಬೀಳುತ್ತಾರೆ ಎಂದೇ ಅವರ ಲೆಕ್ಕ. ಸೆಕ್ರೆಟರಿಯವರು ಚಪ್ಪಲಿ ಬಿಟ್ಟರು. ಪ್ಯಾಂಟು ಮಡಚಿದರು. ಹತ್ತಿದರು. ಮೈದಾನದ ಸುತ್ತ ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಒಂದು ಕೈ ಬಿಟ್ಟು ಗಂಟೆ ಬಾರಿಸುತ್ತ ಬಂದರು! ಚಿಕ್ಕವರಿದ್ದಾಗ ಊರಲ್ಲಿ ಹಾಲು ಹಾಕುತ್ತಿದ್ದರಂತೆ, ಸೈಕಲ್ ಮೇಲೆ. ಮೈದಾನದವರೆಲ್ಲ ಚಪ್ಪಾಳೆ ತಟ್ಟಿದರು.

ಅಕ್ಕಾರು ತಟ್ಟಲಿಲ್ಲ. ನಾನು ಅವರ ಮನೆ ಸೇರಿ ನಲವತ್ತು ವರ್ಷ. ಅವರ ಲೆಕ್ಕ ತಪ್ಪಿದ್ದನ್ನು ನೋಡಿದ್ದು ಅದೇ ಮೊದಲು. ಮೇಡಂ ಪಾಪ, "ಅಮ್ಮಾ, ರೂಲ್ ರೂಲೇ ಕದಾ" ಎಂದು ನೋಟುಗಳಿಗೆ ಕೈ ಚಾಚಿದರು. ಅಕ್ಕಾರು ತಿರುಗಿ ಚಹಾದ ಮೇಜಿನ ಕಡೆ ನೋಡಿದರು. ಕರೆಯಲಿಲ್ಲ.

ಕೆಟಲಿ ಕೆಳಗಿಟ್ಟೆನೋ ಮೇಜಿನ ಮೇಲಿಟ್ಟೆನೋ ನೆನಪಿಲ್ಲ. ಅಷ್ಟು ಮಂದಿಯ ನಡುವೆ ಹಾದು ಹೇಗೆ ಬಂದೆನೋ ಅದೂ ನೆನಪಿಲ್ಲ. ನನ್ನ ದನಿ ಮಾತ್ರ ನೆನಪಿದೆ, ಯಾಕೆಂದರೆ ಅಷ್ಟು ದೊಡ್ಡ ದನಿ ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

"ನಾ ತಗೋತೀನ್ರಿ!"

"ಆಮೆ ತೊಕ್ಕುತಾರಾ?" ಎಂದರು ಸೆಕ್ರೆಟರಿಯವರು. ಈಕೆ ತುಳಿಯುತ್ತಾರೆಯೇ? ಇಡೀ ಮೈದಾನ ನನ್ನನ್ನು ನೋಡಿತು. ಮಂದಿ ನೋಡುತ್ತಾರೆಂದು ಜೀವನವಿಡೀ ಇಳಿದವಳನ್ನು!

"ಕಲೀತೀನಿ. ಇವತ್ತಿನಿಂದನ ಕಲೀತೀನಿ. ನೋಡೂ ಮಂದಿ ನೋಡವಲ್ರ್ಯಾಕ!"

ಕಲಿಯುವವರೂ ಓಡಿಸುವವರೇ ಎಂದು ಮೇಡಂ ನೋಟಿಗೆ ಚಾಚಿದ ಕೈ ಹಿಂದೆಗೆದರು. ಓಡಿಸುವವರು ಇಬ್ಬರಾದರಲ್ಲ, ಇನ್ನು ಮಾರುವವರ ಇಷ್ಟ. ಅಷ್ಟಕ್ಕೇ ಬಿಟ್ಟರೇ ಅಕ್ಕಾರು? ಸ್ವಂತ ತಮ್ಮನ ಹೆಂಡತಿ ಎಂಬ ದಯೆಯೂ ಇಲ್ಲದೆ ಪರೀಕ್ಷೆಗೆ ನಿಲ್ಲಿಸಿದರು! ಮೊದಲು ಸೆಕ್ರೆಟರಿಯವರಿಗೆ: "ಯಾಕ ಬೇಕು?" ಅವರು ಪ್ರಾಮಾಣಿಕರು; ಪಾರ್ಕಿಂಗ್ ಖಾಲಿಯಾಗಬೇಕು ಎಂದರು. ಆಮೇಲೆ ನನಗೆ.

"ನಿನಗ ಯಾಕ ಬೇಕು ತಂಗೀ?"

"ನಮ್ಮ ಓಣಿ ಮೂಲಿ ದಾಟಬೇಕಾಗೇತ್ರಿ ಅಕ್ಕಾರ. ಕುಂತಕೊಂಡು."

ಅಕ್ಕಾರು ಮೂಗು ಒರೆಸಿಕೊಂಡು, "ಪಾಸ್" ಎಂದರು. ಕೂಡಲೇ ಕೈ ಚಾಚಿ, "ರೊಕ್ಕ?" ಎಂದರು. ನಮ್ಮ ಸೈಕಲ್ಲಿಗೆ ನಾನೇ ರೊಕ್ಕ ಕೊಡಬೇಕೇ? ಕೊಟ್ಟೆ ಮಕ್ಕಳೇ, ಸೊಂಟದ ಚೀಲ ಬಿಚ್ಚಿ ಕೊಟ್ಟೆ. "ವ್ಯಾಪಾರ ಅಂದ್ರ ವ್ಯಾಪಾರ" ಎಂದು ಎಣಿಸಿಕೊಂಡರು. ಮರುದಿನ ಆ ರೊಕ್ಕದಲ್ಲಿ ಗಾಳಿ ಪಂಪು, ಹೆಲ್ಮೆಟ್ಟು ಮತ್ತು ಗಾಯದ ಮುಲಾಮು ತಂದರು. ನರ್ಸು ನೋಡಿ, ಮುಂದಿನದು ಗೊತ್ತಿತ್ತು.

ಸೆಕ್ರೆಟರಿಯವರನ್ನೂ ಬರಿಗೈಯಲ್ಲಿ ಹೋಗಲು ಬಿಡಲಿಲ್ಲ. ಮೂರು ಸುತ್ತು ಹೊಡೆದು ಹಳೆಯ ರುಚಿ ಹತ್ತಿತ್ತಲ್ಲ, ಅಲ್ಲೇ ನಿಂತಿದ್ದ ಕರಿ ಸೈಕಲ್ಲೊಂದನ್ನು ಅವರಿಗೆ ಗಂಟು ಹಾಕಿದರು. ಪಾರ್ಕಿಂಗಿನಲ್ಲಿ ಒಂದು ಸೈಕಲ್ ಕಡಿಮೆ ಮಾಡಲು ಬಂದವರು ಒಂದು ಹೆಚ್ಚು ಮಾಡಿಕೊಂಡು ಹೋದರು!

ಮನೆಗೆ ಸೈಕಲ್ ತಳ್ಳಿಕೊಂಡು ಬರುವಾಗ ಹ್ಯಾಂಡಲ್ಲಿನಲ್ಲಿ ಚೀಟಿ ಇನ್ನೂ ಇತ್ತು. ಹತ್ತು ತಿಂಗಳಲ್ಲಿ ನಾನು ಹತ್ತಿರ ಹೋಗಿ ಅದನ್ನು ಓದಿರಲೇ ಇಲ್ಲ. ಬೆವರಿಗೆ ಮಾಸಿತ್ತು. ಕೊರತೆ ಎಂಬಲ್ಲಿ ಅಕ್ಕಾರ ದಪ್ಪ ಅಕ್ಷರ:

"ಗಾಡ್ಯಾಗ ಏನೂ ಕೊರತಿ ಇಲ್ಲ. ನನ್ನ ತಮ್ಮ ಯಾರು ಕಲೀಲಿ ಅಂತ ಇದನ್ನ ತಂದಿದ್ದನೋ ಆಕಿಗೆ ನಾಚಿಕಿ ಭಾಳ. ಅಲ್ಲೆ ಚಾ ಕೊಡಾಕತ್ಯಾಳ."

ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಅಕ್ಕಾರು ತಾವೂ ನಿಂತರು.

"ಸೋವಿ ಸಿಕ್ತು ಅಂದಿದ್ರಲ್ರಿ..." ಎಂದೆ.

"ಹೂಂ. ಸೋವಿ! ಗಂಡಸರ ಸೈಕಲ್ಲಿಗಿಂತ ಹೆಚ್ಚು ಕೊಟ್ಟಿದ್ದ. ಕಲಸ್ತೀನಿ ಅಂದ್ರ ನೀ ಅಡಗೀಮನಿಗೆ ಓಡಿಹೋಗ್ತೀ ಅಂತ ಬಾಯಿ ಬಿಡಲಿಲ್ಲ. ತಾನಾಗೇ ಕೇಳ್ತಾಳ ತಡಿ ಅಕ್ಕಾ, ಅಂತಿದ್ದ. ಇಪ್ಪತ್ತು ವರ್ಷ ಮಂದಿ ಕಡಿಂದ ನಗಿಸ್ಕೊಂಡು ತಾನ ತುಳದ." ಆಮೇಲೆ ದನಿ ಏರಿಸಿದರು: "ಏನ್ ನಿಂತೀ ಗೊಂಬಿ ಹಂಗ? ಹತ್ತು!"

ಈಗ ಎರಡು ತಿಂಗಳಾಯಿತು. ಎರಡೂ ಮಂಡಿಗೆ ಪಟ್ಟಿ ಇದೆ, ನೀವೇ ನೋಡಿ ನಕ್ಕಿದ್ದೀರಿ. ನಗಿರಿ. ಕಳೆದ ಭಾನುವಾರ ಬೆಳಿಗ್ಗೆ ಅಕ್ಕಾರು ಕ್ಯಾರಿಯರ್ ಹಿಡಿದು ಓಡುತ್ತಿದ್ದವರು ಎಲ್ಲಿ ಕೈಬಿಟ್ಟರೋ ತಿಳಿಯಲಿಲ್ಲ. ಮುಂದೆ ಮೂಲೆ. ಅದೇ ಕಿರಾಣಿ ಅಂಗಡಿ, ಅದೇ ಕಟ್ಟೆ, ಕಟ್ಟೆಯ ತುಂಬ ಮಂದಿ. ಎಲ್ಲರೂ ನೋಡಿದರು. ಹಿಂದಿನ ಕ್ಯಾರಿಯರ್ ಯಾಕೋ ಭಾರವಿದ್ದಂತೆ ಅನಿಸಿತು, ಅಲ್ಲಿ ಯಾರೋ ಕೂತಿದ್ದಾರೆ ಎಂಬಂತೆ. "ಗಟ್ಟಿ ಹಿಡಕೊಳ್ರಿ" ಎಂದೆ, ನನಗೆ ಮಾತ್ರ ಕೇಳುವಷ್ಟು.

ಮೂಲೆ ಬಂತು. ನಾನು ಇಳಿಯಲಿಲ್ಲ. ಇಳಿಯುವುದನ್ನು ಅಕ್ಕಾರು ಇನ್ನೂ ಕಲಿಸಿಲ್ಲ!